ಚಕ್ಕುಲಿ ಒರಳಿನ ರಜೆ

ಇವತ್ತು ನಾನು ಮಾಡಿದ ಕೆಲಸಗಳನ್ನು ಮೊದಲು ಹೇಳಿಬಿಡುತ್ತೇನೆ, ಮಾತಿಗೆ ಮಾತು ಸೇರಿದರೆ ಆಮೇಲೆ ಮರೆತೇಹೋಗುತ್ತದೆ. ಹಾಲು ಕಾಯಿಸಿದೆ, ಉಕ್ಕಲು ಬಿಡಲಿಲ್ಲ. ಹೊಸ್ತಿಲ ಮುಂದೆ ಎಳೆ ರಂಗೋಲಿ ಇಟ್ಟೆ. ಅಕ್ಕಪಕ್ಕದವರು ಬಣ್ಣ ತುಂಬಿ ಬಿಡಿಸಿದ ನವಿಲುಗಳ ನಡುವೆ ಅದು ಮದುವೆಮನೆಗೆ ಮನೆಯಂಗಿಯಲ್ಲೇ ಬಂದವರ ಹಾಗೆ ಕಂಡಿತು, ಆದರೂ ಅಳಿಸಲಿಲ್ಲ. ನಮ್ಮವರ ಬಿಳಿ ಅಂಗಿಗೆ ಗುಂಡಿ ಹೊಲಿದೆ. ತೊಗರಿಬೇಳೆ ಆರಿಸಿದೆ. ಚಕ್ಕುಲಿ ಡಬ್ಬದ ಮುಚ್ಚಳ ತೆಗೆದು, ಎಷ್ಟು ಉಳಿದಿದೆ ನೋಡಿ, ಮಗಳ ಕೈಗೆ ಎಟುಕದ ಕಡೆ ಮತ್ತೆ ಇಟ್ಟೆ. ಆಟೋ ಹಿಡಿದು ಕತಾರ್‌ಗಾಮಿಗೆ ಹೋಗಿ ನನಗೆ ಬೇಕಿಲ್ಲದ ಜರಿಯ ಅಂಚು ಕೊಂಡೆ. ಒಬ್ಬ ಮನುಷ್ಯನ ನೌಕರಿ ಉಳಿಯಿತೋ ಹೋಯಿತೋ ತಿಳಿಯದೆ ಸಂಜೆಯವರೆಗೆ ಕಾದೆ. ಕಾಯುವಾಗ ಕೈ ಸುಮ್ಮನಿರಬಾರದೆಂದು ಹಿತ್ತಾಳೆಯ ಚಕ್ಕುಲಿ ಒರಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ತೊಳೆದು, ಒರೆಸಿ, ಫ್ಯಾನಿನ ಕೆಳಗೆ ಒಣಗಲು ಇಟ್ಟೆ.

ಇಷ್ಟರಲ್ಲಿ ಒಂದು ಬಾಬ್ತು ಉಳಿದವುಗಳ ಸಾಲಿಗೆ ಸೇರುವುದಿಲ್ಲವೆಂದು ನಿಮಗೂ ಅನ್ನಿಸಿರಬೇಕು. ನೌಕರಿಯ ಆ ಮನುಷ್ಯ ಬೇರೆ ಯಾರೂ ಅಲ್ಲ, ಗುಂಡಿ ಹೊಲಿಸಿಕೊಂಡ ಅಂಗಿಯ ಒಳಗೆ ಇದ್ದವರೇ. ಒರಳಿಗೂ ನೌಕರಿಗೂ ಏನು ಸಂಬಂಧ ಎಂದು ಕೇಳಿದಿರಾ, ಕುಳಿತುಕೊಳ್ಳಿ, ಹೇಳುತ್ತೇನೆ.

ನಾವು ಸೂರತ್ತಿಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಅದಕ್ಕೂ ಮುಂಚೆ ಬಹಳ ಕಾಲ ವಡೋದರದಲ್ಲಿದ್ದೆವು. ನಮ್ಮವರು ಅಲ್ಲಿ ಒಂದು ರಾಸಾಯನಿಕ ಕಾರ್ಖಾನೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದರು. ಆ ಕಾರ್ಖಾನೆಗೆ ಹಬ್ಬ ಗೊತ್ತಿರಲಿಲ್ಲ, ಹರಿದಿನ ಗೊತ್ತಿರಲಿಲ್ಲ. ಅದರ ಚಿಮಣಿ ದೀಪಾವಳಿಯ ದಿನವೂ ಹೊಗೆ ಬಿಡುತ್ತ ಊರಿನ ಪಟಾಕಿಗೆ ತನ್ನ ಕಾಣಿಕೆಯನ್ನು ಸೇರಿಸುತ್ತಿತ್ತು. ಅದು ಕೈ ಬದಲಾದಾಗ ಹೊಸಬರು ಹಳಬರನ್ನು ಮರ್ಯಾದೆಯಿಂದ ಕಳಿಸಿಕೊಟ್ಟರು. ಐವತ್ತರ ಹೊಸ್ತಿಲಲ್ಲಿ ಇನ್ನೊಂದು ಕೆಲಸ ಹುಡುಕುವ ಗಂಡಸಿನ ಮುಖವನ್ನು ನೀವು ನೋಡಿದ್ದೀರೋ ಇಲ್ಲವೋ, ನಾನು ಒಂದು ಮಳೆಗಾಲ ಪೂರ್ತಿ ನೋಡಿದ್ದೇನೆ. ಆಗ ಸಿಕ್ಕವರು ಈ ಹಸ್ಮುಖಭಾಯ್. ಸೂರತ್ತಿನ ರಿಂಗ್ ರೋಡಿನಲ್ಲಿ ಅವರದೊಂದು ಸಣ್ಣ ಕಚೇರಿ. ಬರುವ ದೀಪಾವಳಿಯವರೆಗೆ ಕೆಲಸ ಮಾಡಿ ತೋರಿಸಿ, ಹಬ್ಬದ ಆಚೆಗೆ ನೋಡೋಣ ಎಂದರು. ಆ ‘ನೋಡೋಣ’ವನ್ನು ನಂಬಿ ನಾವು ಗಂಟುಮೂಟೆ ಕಟ್ಟಿದೆವು.

ಹಸ್ಮುಖಭಾಯಿಯ ವ್ಯಾಪಾರ ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಸೀರೆ ವ್ಯಾಪಾರಿ, ಲೇಸಿನ ವ್ಯಾಪಾರಿ, ವಜ್ರ ಸಾಣೆ ಹಿಡಿಸುವವರು, ಇವರೆಲ್ಲರ ಬಿಲ್ಲು, ಸರಕು, ಲೆಕ್ಕಗಳನ್ನು ತಮ್ಮ ಕೋಣೆಯ ಸರ್ವರ್ ಯಂತ್ರಗಳಲ್ಲಿ ಇಟ್ಟುಕೊಂಡು ತಿಂಗಳ ಬಾಡಿಗೆ ತೆಗೆದುಕೊಳ್ಳುತ್ತಾರೆ. ಅವರವರು ತಮ್ಮ ಅಂಗಡಿಯಲ್ಲಿ ಕುಳಿತು ಟೆಲಿಫೋನ್ ತಂತಿಯ ಮೂಲಕ ಅಲ್ಲಿಗೆ ಹೋಗಿ ಬಿಲ್ಲು ಬರೆಯಬಹುದು. ನಿಮ್ಮ ಲೆಕ್ಕ ಎಲ್ಲಿದೆ ಎಂದು ಆ ವ್ಯಾಪಾರಿಗಳನ್ನು ಕೇಳಿ ನೋಡಿ, ಬೆರಳನ್ನು ಮೇಲಕ್ಕೆ ತೋರಿಸುತ್ತಾರೆ. ಅದು ಮೂರನೆಯ ಮಹಡಿಯ ಕೋಣೆಯೋ, ಆಕಾಶವೋ, ಅಲ್ಲಿ ಮೋಡದ ಮೇಲೆ ಕಾಲು ಮಡಿಸಿ ಕುಳಿತ ಚಿತ್ರಗುಪ್ತನೋ, ವಿಚಾರಿಸಲು ಅವರಿಗೆ ಪುರುಸೊತ್ತಿಲ್ಲ.

ಆ ಯಂತ್ರಗಳು ಒಂದೂ ಹೊಸದಲ್ಲ. ಮುಂಬಯಿಯ ಕಚೇರಿಗಳು ಬೇಡವೆಂದದ್ದನ್ನು ಹಸ್ಮುಖಭಾಯ್ ಬೇಕೆಂದು ತಂದವು. ಅವುಗಳಲ್ಲೆಲ್ಲ ಹಳೆಯದು ಬಾಗಿಲ ಪಕ್ಕದ ಮೂಲೆಯಲ್ಲಿದೆ. ಕಚೇರಿಯವರು ಅದನ್ನು ‘ಬಾ’ ಎಂದು ಕರೆಯುತ್ತಾರೆ. ಇಲ್ಲಿ ಬಾ ಎಂದರೆ ತಾಯಿ, ಮನೆಯ ಹಿರಿಯಾಕೆ. ಬಾ ನಿಧಾನ, ಬಾ ಗುರುಗುಟ್ಟುತ್ತಾಳೆ, ಬಾಗೆ ಸೆಕೆ ಆಗುವುದಿಲ್ಲ. ಉಳಿದವು ಹಾಗಲ್ಲ. ಅವುಗಳಿಗೆ ಹಗಲೂ ಇರುಳೂ ಏಸಿಯ ತಂಪು ಬೇಕು. ಕರೆಂಟಿನ ಬಿಲ್ಲು ಬಂದ ದಿನ ಹಸ್ಮುಖಭಾಯ್ ಏಸಿಯ ಎದುರಿಗೇ ನಿಂತು ಬೆವರು ಒರೆಸಿಕೊಳ್ಳುತ್ತಾರಂತೆ. ಇದಕ್ಕೊಂದು ದಾರಿ ಮಾಡಿ ವಿಶ್ವನಾಥಭಾಯ್ ಎಂದು ಅವರು ಹೇಳಿದ್ದೇ ತಡ, ನಮ್ಮವರು ಕೆಲಸ ಮಾಡಿ ತೋರಿಸುವ ಕಾಲ ಬಂತೆಂದು ತೀರ್ಮಾನಿಸಿ, ಯಾರೂ ನೋಡಿಕೊಳ್ಳಬೇಕಿಲ್ಲದೆ ತಾನಾಗಿಯೇ ನಡೆಯುವ ಒಂದು ನಿಯಮವನ್ನು ಬರೆದು ಯಂತ್ರಗಳಿಗೆ ಕಟ್ಟಿದರು.

ಆ ನಿಯಮವನ್ನು ಅವರು ನನಗೆ ಊಟದ ತಟ್ಟೆಯ ಮುಂದೆ ಲೋಟ ಬಟ್ಟಲುಗಳನ್ನು ಸಾಲಾಗಿ ಇಟ್ಟು ತೋರಿಸಿದರು. ಮೂರು ವರ್ಷ ದಾಟಿದ ಯಾವ ಯಂತ್ರವನ್ನಾದರೂ ಐದು ದಿನ ಯಾರೂ ಮುಟ್ಟದಿದ್ದರೆ ಅದು ಯಾರಿಗೂ ಬೇಡವೆಂದು ಅರ್ಥ. ಆಗ ಅದರೊಳಗಿನ ಲೆಕ್ಕಪತ್ರಗಳು ಗಂಟು ಕಟ್ಟಿಕೊಂಡು ಮೂಲೆಯ ‘ಬಾ’ಳ ಉಗ್ರಾಣಕ್ಕೆ ಹೋಗುತ್ತವೆ, ಯಂತ್ರ ತನ್ನ ಹೊಟ್ಟೆಯನ್ನು ತಾನೇ ಖಾಲಿ ಮಾಡಿಕೊಳ್ಳುತ್ತದೆ, ಆಮೇಲೆ ತಾನೇ ಆರುತ್ತದೆ. ನಿವೃತ್ತಿ. ಹಾರವಿಲ್ಲ, ಭಾಷಣವಿಲ್ಲ, ಶಾಲು ಹೊದಿಸುವ ಗೋಜಿಲ್ಲ. ಹೇಳುತ್ತ ಹೇಳುತ್ತ ಅವರು ಸಾರಿನ ಬಟ್ಟಲನ್ನೂ ನಿವೃತ್ತಿಗೊಳಿಸಿ ಪಕ್ಕಕ್ಕೆ ಸರಿಸಿದರು. ಅದರಲ್ಲಿ ಇನ್ನೂ ಸಾರಿತ್ತು.

ಮೂರು ವರ್ಷದೊಳಗಿನ ಯಂತ್ರ ಆ ಕೋಣೆಯಲ್ಲಿ ಒಂದೂ ಇರಲಿಲ್ಲವೆಂಬುದನ್ನು ನೀವು ಗಮನಿಸಿದಿರಿ. ನಾನೂ ಗಮನಿಸಿದೆ. ಆದರೆ ಬಹಳ ದಿನಗಳ ಮೇಲೆ ಅವರ ಕಣ್ಣಲ್ಲಿ ಒಂದು ಹೊಳಪು ಕಂಡಿತ್ತು, ಅದನ್ನು ಆರಿಸುವ ಮನಸ್ಸಾಗಲಿಲ್ಲ.

ಹೊಸ ಕತ್ತರಿ ಸಿಕ್ಕ ಮಗುವಿಗೆ ಮನೆಯ ಪರದೆಯೆಲ್ಲ ಉದ್ದವಾಗಿ ಕಾಣುತ್ತದಲ್ಲ, ಹಾಗೆ ನಿಯಮ ಮನೆಗೂ ಬಂತು. ದೀಪಾವಳಿಗೆ ಮುಂಚೆ ಇಲ್ಲಿ ಮನೆಮನೆಯಲ್ಲಿ ದೊಡ್ಡ ಸಫಾಯಿ. ಹಾಸಿಗೆಗಳು ಬಾಲ್ಕನಿಗೆ ಬರುತ್ತವೆ, ಡಬ್ಬಗಳು ಅಟ್ಟದಿಂದ ಇಳಿಯುತ್ತವೆ, ಭಂಗಾರ್‌ವಾಲಾ ಎಂಬ ಗುಜರಿಯವನು ಗೇಟಿನ ಬಳಿ ಗಾಡಿ ನಿಲ್ಲಿಸಿ ಕಾಯುತ್ತಾನೆ. ನಮ್ಮವರು ಸ್ಟೂಲು ಹತ್ತಿ ಅಡುಗೆಮನೆಯ ಅಟ್ಟವನ್ನು ಪರಿಶೀಲಿಸಿದರು. ವರ್ಷದಿಂದ ಮುಟ್ಟದ್ದು ಹೊರಕ್ಕೆ. ಹಿಡಿ ಹೋದ ಬಾಣಲೆ ಹೋಯಿತು, ಮುಚ್ಚಳವಿಲ್ಲದ ಥರ್ಮಾಸು ಹೋಯಿತು, ನಾನು ಸುಮ್ಮನಿದ್ದೆ. ಆಮೇಲೆ ನಮ್ಮತ್ತೆ ಮದುವೆಯ ವರ್ಷ ಹಾಸನದಿಂದ ಕಳಿಸಿದ ಚಕ್ಕುಲಿ ಒರಳು ಅವರ ಕೈಗೆ ಬಂತು. ಹೋದ ದೀಪಾವಳಿಗೆ ಮುಟ್ಟಿದ್ದು, ಅಲ್ಲಿಂದ ವರ್ಷ ಕಳೆದಿದೆ ಎಂದರು. ಹೌದು, ಕಳೆದಿತ್ತು. ಈ ಸಲ ಅಧಿಕ ಮಾಸ ನಡುವೆ ಬಂದು ಹಬ್ಬವನ್ನು ಮುಂದಕ್ಕೆ ತಳ್ಳಿತ್ತು. ಗೋಡೆಯ ಇಂಗ್ಲಿಷ್ ಕ್ಯಾಲೆಂಡರಿನ ಪ್ರಕಾರ ಒರಳಿನ ಆಯುಸ್ಸು ಮುಗಿದಿತ್ತು, ಪಂಚಾಂಗದ ಪ್ರಕಾರ ಅದಿನ್ನೂ ಹಬ್ಬದ ದಾರಿ ಕಾಯುತ್ತಿತ್ತು. ನಾನಿದನ್ನು ಹೇಳಿದೆ. ಅಧಿಕ ಮಾಸಕ್ಕೆಂದು ನಿಯಮವನ್ನು ಸಡಿಲಿಸಿದರೆ ಆಮೇಲೆ ಗ್ರಹಣಕ್ಕೂ ಸಡಿಲಿಸಬೇಕಾಗುತ್ತದೆ ಎಂದರು. ಅಹಮದಾಬಾದಿನ ಹಾಸ್ಟೆಲಿನಿಂದ ರಜೆಗೆ ಬಂದಿದ್ದ ಮಗಳು ಚೈತ್ರಾ, ಅಪ್ಪ ನನ್ನನ್ನು ಆರು ತಿಂಗಳಿಗೊಮ್ಮೆಯಾದರೂ ಮುಟ್ಟಿ ನೋಡುತ್ತಿರಿ ಎಂದು ಅರ್ಧ ಗುಜರಾತಿಯಲ್ಲಿ ಬೇಡಿಕೊಂಡಳು. ನಗುವಿನಲ್ಲಿ ಒರಳಿದ್ದ ಚೀಲ ಗುಜರಿಯವನ ಗಾಡಿ ಸೇರಿದ್ದು ನನಗೆ ಗೊತ್ತಾಗಲಿಲ್ಲ.

ಸ್ವಲ್ಪ ಹೊತ್ತಿಗೆ ಕೆಳಗಿನ ಮನೆಯ ಸವಿತಾಬೆನ್ ಬಾಗಿಲಲ್ಲಿ ನಿಂತಿದ್ದರು, ಮಗುವನ್ನು ಎತ್ತಿಕೊಂಡ ಹಾಗೆ ಒರಳನ್ನು ಸೊಂಟಕ್ಕೆ ಇಟ್ಟುಕೊಂಡು. ಕತಾರ್‌ಗಾಮಿನಲ್ಲಿ ಅವರದೊಂದು ಜರಿ ಅಂಚಿನ ಕಾರ್ಖಾನೆ ಇದೆ. ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸುತ್ತಿದ್ದಾರೆ. ನನ್ನ ಮಾತಿನ ಮೇಲೆ ತಮ್ಮ ಲೆಕ್ಕವನ್ನೆಲ್ಲ ಹಸ್ಮುಖಭಾಯಿಯ ಯಂತ್ರಕ್ಕೆ ಒಪ್ಪಿಸಿದವರು.

“ಸುಮಿತ್ರಾಬೆನ್, ಆ ತೋ ಸಂಚೋ ಛೆ. ಸಂಚೋ ಕೋಯಿ ಭಂಗಾರ್ ಮಾ ಆಪೇ?”

ಇದು ಸಂಚೋ, ಒತ್ತುವ ಒರಳು ಅಲ್ಲವೇ, ಸಂಚೋವನ್ನು ಯಾರಾದರೂ ಗುಜರಿಗೆ ಹಾಕುತ್ತಾರೆಯೇ ಎಂದು ಅವರ ಪ್ರಶ್ನೆ. ಅವರ ಮನೆಯಲ್ಲೂ ಅಂಥದ್ದೇ ಇದೆ, ಸೇವು ಒತ್ತುವುದಕ್ಕೆ. ಅವರು ಕೇಳಿದ್ದು ನನ್ನನ್ನು, ನೋಡಿದ್ದು ನಮ್ಮವರನ್ನು. ನಮ್ಮವರು ಸ್ಟೂಲಿನ ಮೇಲೆ ನಿಂತಿದ್ದರೂ ಆ ಕ್ಷಣಕ್ಕೆ ಗಿಡ್ಡವಾಗಿಯೇ ಕಂಡರು. ಮಾರನೆಯ ದಿನ ಅದೇ ಒರಳಿನಲ್ಲಿ ನಾನು ಚಕ್ಕುಲಿ ಒತ್ತಿದೆ. ಮೊದಲ ತಟ್ಟೆ ಸವಿತಾಬೆನ್ ಮನೆಗೆ ಹೋಯಿತು, ಅದು ಮಠಿಯಾ, ಚೋರಾಫಳಿ ಎಂಬ ಇಲ್ಲಿನ ಹಬ್ಬದ ಕುರುಕಲು ತುಂಬಿಕೊಂಡು ಮರಳಿ ಬಂತು.

ಇನ್ನು ಸೂರತ್ತಿನ ದೀಪಾವಳಿಯ ಮಾತು. ಇದು ನಮಗೆ ಇಲ್ಲಿನ ಮೊದಲ ದೀಪಾವಳಿ. ಅಮಾವಾಸ್ಯೆಗೆ ಮುಂಚಿನ ಧನ್‌ತೇರಸಿನ ಹೊತ್ತಿಗೆ ಕಾರ್ಖಾನೆಗಳ ಬಾಗಿಲು ಒಂದೊಂದಾಗಿ ಎಳೆದುಕೊಂಡವು. ವಜ್ರದ ಕೆಲಸದವರು ಬಸ್ಸುಗಳ ತಲೆಯ ಮೇಲೂ ಸಾಮಾನು ಹೇರಿಕೊಂಡು ಸೌರಾಷ್ಟ್ರದ ತಮ್ಮ ಊರುಗಳಿಗೆ ಹೊರಟರು. ಹಸ್ಮುಖಭಾಯ್ ಅಹಮದಾಬಾದಿನ ಅಣ್ಣನ ಮನೆಗೆ ಹೋದರು. ಬೀದಿಗಳು ಎಷ್ಟು ಖಾಲಿಯಾದವೆಂದರೆ, ಕತಾರ್‌ಗಾಮಿನ ನಾಯಿಗಳು ನಡುರಸ್ತೆಯಲ್ಲಿ ಮೈಚಾಚಿ ಮಲಗಿ, ಅಪರೂಪಕ್ಕೆ ಬಂದ ಸ್ಕೂಟರನ್ನು ಇದು ಯಾರ ಮನೆಯದು ಎಂಬಂತೆ ನೋಡುತ್ತಿದ್ದವು. ನಮ್ಮವರ ಮನಸ್ಸಿನಲ್ಲಿ ಹಬ್ಬವೆಂದರೆ ವಡೋದರದ ಚಿಮಣಿ. ಒಂದೆರಡು ದಿನ ಯಂತ್ರ ಮುಟ್ಟದವರು ಮೂರನೆಯ ದಿನ ಮುಟ್ಟೇ ಮುಟ್ಟುತ್ತಾರೆ. ಇಲ್ಲಿ ಹಾಗಲ್ಲ. ದೀಪಾವಳಿಯ ಮರುದಿನ ಶುರುವಾಗುವ ಇಲ್ಲಿನ ಹೊಸ ವರ್ಷದ ಐದನೆಯ ದಿನ ಲಾಭ ಪಂಚಮಿ. ಅಂದು ಮುಹೂರ್ತ ನೋಡಿ, ಪೂಜೆ ಮಾಡಿ, ಮೊದಲ ಬಿಲ್ಲು ಬರೆಯುವ ತನಕ ವ್ಯಾಪಾರಿ ಲೆಕ್ಕದ ಕಡೆ ತಲೆ ಹಾಕುವುದಿಲ್ಲ.

ನಿಯಮಕ್ಕೆ ಇದನ್ನು ಯಾರೂ ಹೇಳಿರಲಿಲ್ಲ. ಅದು ಕತ್ತಲ ಕೋಣೆಯಲ್ಲಿ ನಿಷ್ಠೆಯಿಂದ ತನ್ನ ಕೆಲಸ ಮಾಡುತ್ತಿತ್ತು. ನಾವಿಲ್ಲಿ ಎಣ್ಣೆಸ್ನಾನ ಮಾಡಿ ಹೋಳಿಗೆ ತಿಂದು ಮಧ್ಯಾಹ್ನ ತೂಕಡಿಸುವಾಗ, ಅಲ್ಲಿ ಯಂತ್ರಗಳು ಒಂದರ ಹಿಂದೆ ಒಂದು ಗಂಟು ಕಟ್ಟಿ, ಬಾಳ ಮಡಿಲಿಗೆ ಹಾಕಿ, ಹೊಟ್ಟೆ ಬರಿದು ಮಾಡಿಕೊಂಡು ಕಣ್ಣು ಮುಚ್ಚುತ್ತಿದ್ದವು.

ಇಂದು ಲಾಭ ಪಂಚಮಿ. ನಮ್ಮವರು ಗುಂಡಿ ಹೊಲಿದ ಅಂಗಿ ತೊಟ್ಟು, ತೆಂಗಿನಕಾಯಿ ಹಿಡಿದು ಎಲ್ಲರಿಗಿಂತ ಮುಂಚೆ ಕಚೇರಿಗೆ ಹೋದರು. ನಾನು ಬೇಳೆ ಆರಿಸಿ ಚಕ್ಕುಲಿ ಡಬ್ಬ ಮೇಲಿಡುವಷ್ಟರಲ್ಲಿ ಫೋನು ಬಂತು. ಅವರ ದನಿ ಗುರುತು ಸಿಗದಷ್ಟು ಸಣ್ಣಗಿತ್ತು. ಕೋಣೆಯಲ್ಲಿ ಏಸಿ ಒಂದೇ ಓಡುತ್ತಿದೆಯಂತೆ, ಯಂತ್ರಗಳೆಲ್ಲ ಆರಿವೆಯಂತೆ. ಬಾ ಒಬ್ಬಳೇ ಮೂಲೆಯಲ್ಲಿ ಗುರುಗುಟ್ಟುತ್ತಿದ್ದಾಳಂತೆ.

“ಎಲ್ಲಾನೂ ವಾಪಸ್ ತುಂಬಿಸೋಕೆ ಸಂಜೆ ಆಗುತ್ತೆ ಕಣೇ. ಮಧ್ಯಾಹ್ನದ ರೈಲಿಗೆ ಹಸ್ಮುಖಭಾಯ್ ಬರ್ತಾರೆ. ನನ್ನ ಕಥೆ ಮುಗೀತು ಅಂದ್ಕೋ.”

ಉಳಿದವರ ಮುಹೂರ್ತ ಮಧ್ಯಾಹ್ನವೋ ಸಂಜೆಯೋ. ಬೆಳಗಿನ ಮುಹೂರ್ತ ಇದ್ದದ್ದು ಸವಿತಾಬೆನ್‌ಗೆ ಮಾತ್ರ. ಲಾಭದ ಚೋಘಡಿಯಾ ಎಂಬ ಶುಭಗಳಿಗೆ ದಾಟಿಹೋಗುವುದರೊಳಗೆ ಅವರ ಮೊದಲ ಬಿಲ್ಲು ಆಗಬೇಕು. ವರ್ಷದ ಬೋಣಿಯೇ ಕೆಟ್ಟಿತೆಂದರೆ ಅವರು ಹಸ್ಮುಖಭಾಯಿಯ ಬಳಿ ಉಳಿಯುವುದಿಲ್ಲ; ಅವರ ಹಿಂದೆ ಕತಾರ್‌ಗಾಮಿನ ಅರ್ಧ ಬೀದಿ ಹೊರಡುತ್ತದೆ; ಅದರ ಹಿಂದೆ ನಮ್ಮವರು. ಫೋನಿನಲ್ಲಿ ಅಪ್ಪ ಹೇಳಿದ್ದನ್ನೆಲ್ಲ ಚೈತ್ರಾ ತನ್ನ ಅಂಗೈಯಲ್ಲಿ ಬರೆದುಕೊಂಡಳು. ನಾನು ಚಕ್ಕುಲಿ ಡಬ್ಬ ತೆಗೆದುಕೊಂಡೆ. ಏಕೆಂದು ಕೇಳಬೇಡಿ, ಬರಿಗೈಯಲ್ಲಿ ಕೆಟ್ಟ ಸುದ್ದಿ ಒಯ್ಯುವುದು ನನಗೆ ಅಭ್ಯಾಸವಿಲ್ಲ.

ಕತಾರ್‌ಗಾಮಿನ ಕಾರ್ಖಾನೆಯಲ್ಲಿ ಸವಿತಾಬೆನ್ ಕಂಪ್ಯೂಟರಿಗೆ ಕುಂಕುಮದ ಸ್ವಸ್ತಿಕ ಬರೆದು, ಹೂ ಇಟ್ಟು, ದೀಪ ಹಚ್ಚಿ ಕುಳಿತಿದ್ದರು. ನಾನು ಸುತ್ತಿ ಬಳಸಿ ಹೇಳಲಿಲ್ಲ. ನಮ್ಮವರು ಕಟ್ಟಿದ ನಿಯಮ, ನೀವೆಲ್ಲ ಮುಟ್ಟಲಿಲ್ಲವೆಂದು ಯಂತ್ರಗಳನ್ನು ಮುದುಕರ ಸಾಲಿಗೆ ಸೇರಿಸಿ ಮಲಗಿಸಿಬಿಟ್ಟಿದೆ, ನಿಮ್ಮ ಯಂತ್ರವೂ ಮಲಗಿದೆ ಎಂದು ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಅವರು ನನ್ನನ್ನು ನೋಡಿದರು, ಕಂಪ್ಯೂಟರನ್ನು ನೋಡಿದರು, ಆಮೇಲೆ ಡಬ್ಬವನ್ನು ನೋಡಿದರು.

“ಮಶೀನ್ ಪಣ ದಿವಾಳಿ ಕರೇ ನೆ?”

ಯಂತ್ರವೂ ದೀಪಾವಳಿ ಮಾಡಬೇಡವೇ ಎಂದು. ಊರಿಗೆ ಊರೇ ಮಲಗಿರುವಾಗ ಅದೊಂದು ಯಾಕೆ ಎದ್ದಿರಬೇಕು ಎಂದು ಅವರಿಗೆ ನಿಜವಾಗಿಯೂ ಅನ್ನಿಸಿತ್ತು. ಮುಂದಿನ ಮಾತಿನಲ್ಲಿ ಮಾತ್ರ ನಗು ಇರಲಿಲ್ಲ. ಮಲಗಿದ್ದನ್ನು ಎಬ್ಬಿಸಿ, ಆದರೆ ನನ್ನ ಗಳಿಗೆ ಕಾಯುವುದಿಲ್ಲ ಎಂದರು.

ಚೈತ್ರಾ ಕುರ್ಚಿ ಎಳೆದುಕೊಂಡಳು. ಅಲ್ಲಿ ಇರುವುದು ಒಂದೇ ಟೆಲಿಫೋನ್ ತಂತಿ. ಕಂಪ್ಯೂಟರು ಅದನ್ನು ಹಿಡಿದರೆ ಅಪ್ಪನ ಜೊತೆ ಮಾತಿಲ್ಲ, ಅಪ್ಪನ ಜೊತೆ ಮಾತಾಡಿದರೆ ಕಂಪ್ಯೂಟರಿಲ್ಲ. ಹಾಗಾಗಿ ಅಂಗೈಯೇ ಗತಿ. ಅಂಗೈಯಲ್ಲಿದ್ದದ್ದು ಸತ್ತ ಯಂತ್ರಗಳ ದಾರಿಯಲ್ಲ, ನೇರ ‘ಬಾ’ಳ ದಾರಿ. ಎಲ್ಲರ ಗಂಟೂ ಅವಳ ಬಳಿ ಇತ್ತಲ್ಲ, ಸವಿತಾಬೆನ್ ಅವರ ಗಂಟನ್ನು ಬಿಚ್ಚಿ ನಮ್ಮವರು ಅಲ್ಲೇ ಹರಡಿದ್ದರು. ತಂತಿ ಕೀಚಲು ದನಿಯಲ್ಲಿ ಅತ್ತಿತು, ಸುಮ್ಮನಾಯಿತು, ಮತ್ತೆ ಅತ್ತಿತು. ಬೆವರಿಗೆ ಅಂಗೈಯ ಶಾಯಿ ಹರಡತೊಡಗಿತ್ತು. ಅಷ್ಟರಲ್ಲಿ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು, ಒಂದೊಂದಾಗಿ, ಕನ್ನಡಕ ಹುಡುಕಿಕೊಂಡು ಓದುವವರ ನಿಧಾನದಲ್ಲಿ. ಮೊದಲ ಗಿರಾಕಿ ಯಾರು ಎಂದು ಪರದೆ ಕೇಳಿತು. ಕೋಣೆಯಲ್ಲಿ ಗಿರಾಕಿ ಎನ್ನಬಹುದಾದವಳು ನಾನೊಬ್ಬಳೇ ಇದ್ದೆ. ಹೀಗೆ ನಾನು ಜರಿ ಅಂಚು ಕೊಂಡೆ. ಯಾವ ಸೀರೆಗೆಂದು ಇನ್ನೂ ಗೊತ್ತಿಲ್ಲ.

ಮನೆಗೆ ಬಂದು ಒರಳು ತಿಕ್ಕಲು ಕುಳಿತಾಗ ಯೋಚನೆಗಳು ಹುಣಸೆಹಣ್ಣಿನ ನೀರಿನಂತೆ ಎಲ್ಲೆಲ್ಲೋ ಹರಿದವು. ನಮ್ಮ ಮನೆಯಲ್ಲಿ ಸುಮ್ಮನಿರುವ ವಸ್ತುಗಳು ಎಷ್ಟಿವೆ ನೋಡಿ. ನನ್ನ ಧಾರೆ ಸೀರೆ ಟ್ರಂಕಿನ ತಳದಲ್ಲಿ ಸುಮ್ಮನಿದೆ. ರಜಾಯಿಗಳು ಚಳಿಯ ಕೆಲವೇ ವಾರಕ್ಕಾಗಿ ವರ್ಷವಿಡೀ ಉಸಿರು ಹಿಡಿದಿರುತ್ತವೆ. ಅಹಮದಾಬಾದಿನಲ್ಲಿ ಚೈತ್ರಾಳ ಗೆಳತಿಯರ ಮನೆಗಳಲ್ಲಿ ಮಂಚದ ಕೆಳಗೆ ಗಾಳಿಪಟದ ದಾರದ ಫಿರ್ಕಿಗಳು ಮಲಗಿರುತ್ತವಂತೆ. ಉತ್ತರಾಯಣ ಬಂದರೆ ಊರಿನ ಆಕಾಶವನ್ನೆಲ್ಲ ಅವೇ ಹಿಡಿದುಕೊಂಡಿರುತ್ತವೆ. ಸುಮ್ಮನಿರುವುದಕ್ಕೂ ಮುಗಿದುಹೋಗುವುದಕ್ಕೂ ನಡುವೆ ಇರುವ ಗೆರೆ ಹೊರಗಿನಿಂದ ನೋಡುವವರಿಗೆ ಕಾಣುವುದಿಲ್ಲ. ಬೇಸಿಗೆಯ ಮಲ್ಲಿಗೆ ಬಳ್ಳಿಗೂ ಚಳಿಗಾಲದ ಮಲ್ಲಿಗೆ ಬಳ್ಳಿಗೂ ವ್ಯತ್ಯಾಸ ಗೊತ್ತಿಲ್ಲದವರು ಕತ್ತರಿ ಹಿಡಿದರೆ ಆಗುವುದು ಇದೇ. ಕಾರ್ಖಾನೆಯಿಂದ ಬಂದು ಒಂದು ಮಳೆಗಾಲ ನಮ್ಮವರೂ ಸುಮ್ಮನೆ ಕುಳಿತಿದ್ದರು. ಆ ನಿಯಮ ಆಗಲೇ ಹುಟ್ಟಿ ನನ್ನ ಕೈಗೆ ಸಿಕ್ಕಿದ್ದರೆ ಎಂದು ನೆನೆದು ಒಬ್ಬಳೇ ನಕ್ಕೆ. ನಕ್ಕ ಮೇಲೆ ಒರಳನ್ನು ಇನ್ನೊಂದು ಸಲ ತಿಕ್ಕಿದೆ.

ಆದರೆ ನನ್ನನ್ನು ಹೆಚ್ಚು ಕಾಡಿದವಳು ಬಾ. ಎಲ್ಲರಿಗಿಂತ ಹಳಬಳು, ಲೆಕ್ಕಕ್ಕೆ ಮೊದಲು ಹೋಗಬೇಕಾದವಳು. ಅವಳೇಕೆ ಆರಲಿಲ್ಲ? ಉಳಿದವು ಹೋಗುವ ಮುನ್ನ ಒಂದೊಂದೂ ತನ್ನ ಗಂಟನ್ನು ಅವಳ ಬಳಿ ಇಟ್ಟುಹೋದದ್ದರಿಂದ. ಪ್ರತಿ ಗಂಟು ಬಂದಾಗಲೂ ಯಾರೋ ಮುಟ್ಟಿದ ಹಾಗಾಯಿತು, ಅವಳ ಐದು ದಿನ ಮತ್ತೆ ಮೊದಲಿನಿಂದ ಶುರುವಾಯಿತು. ನಮ್ಮತ್ತೆಯ ಮನೆಯಲ್ಲೂ ಹೀಗೆಯೇ ಇತ್ತು. ಮಗಳು ಒಡವೆ ಇಟ್ಟುಹೋಗುತ್ತಿದ್ದಳು, ಮೊಮ್ಮಗ ಸೈಕಲ್ಲು ಇಟ್ಟುಹೋಗುತ್ತಿದ್ದ, ಎದುರುಮನೆಯವರು ಬೀಗದ ಕೈ ಕೊಟ್ಟುಹೋಗುತ್ತಿದ್ದರು. ನನಗಿನ್ನು ಆಗುವುದಿಲ್ಲ ಎಂದು ಅವರು ದಿನವೂ ಹೇಳುತ್ತಿದ್ದರು, ಹೇಳುತ್ತಲೇ ಸೆರಗಿನ ತುದಿಗೆ ಇನ್ನೊಂದು ಬೀಗದ ಕೈ ಗಂಟು ಹಾಕಿಕೊಳ್ಳುತ್ತಿದ್ದರು.

ನಮ್ಮವರು ದೀಪ ಹಚ್ಚುವ ಹೊತ್ತಿಗೆ ಬಂದರು. ಚಪ್ಪಲಿ ಬಿಟ್ಟ ರೀತಿಯಲ್ಲೇ ನೌಕರಿ ಹೋಯಿತು ಎನ್ನಿಸಿತು. ಯಂತ್ರಗಳೆಲ್ಲ ಎದ್ದಿವೆ, ಉಳಿದವರ ಮುಹೂರ್ತಗಳನ್ನೂ ಬಾಳ ಮೇಲೆಯೇ ಹೇಗೋ ದಾಟಿಸಿದ್ದಾಯಿತು ಎಂದರು. ಹಸ್ಮುಖಭಾಯ್ ಬಂದು ಕೋಣೆಯ ನಡುವೆ ಬಹಳ ಹೊತ್ತು ನಿಂತಿದ್ದರಂತೆ. ಹಬ್ಬದ ಮೀಟರು ಎಷ್ಟು ಕಡಿಮೆ ಓಡಿದೆ ನೋಡಿ ಬಂದು, ಸಿಟ್ಟು ಮಾಡುವುದೋ ಸಂತೋಷಪಡುವುದೋ ತೀರ್ಮಾನಿಸಲಾಗದೆ ಚಹಾ ತರಿಸಿದರಂತೆ. ಕೆಲಸದ ವಿಷಯ ಏನೆಂದರು ಎಂದು ಕೇಳಿದೆ. ಅದರ ಸುದ್ದಿಯೇ ಎತ್ತಲಿಲ್ಲ, ಬೈದು ಕಳಿಸಿದರು ಎಂದು ಇವರು ಗೋಡೆ ನೋಡಿದರು.

“ಏನಂತ ಬೈದ್ರು, ಅವರು ಹೇಳಿದ ಹಾಗೇ ಹೇಳಿ.”

“ಸುರತ್ ಸೋತಾ ಹೈ, ಮರ್ತಾ ನಹೀಂ, ಅಂದ್ರು. ಊರು ಮಲಗಿದ್ರೆ ಸತ್ತೋಯ್ತು ಅಂದ್ಕೊಂಡ್ರಾ ಅಂತ. ಆಮೇಲೆ, ಅಗ್‌ಲೀ ದಿವಾಳಿ ಸೇ ಪೆಹ್‌ಲೇ ಮುಝ್‌ಸೇ ಪೂಛ್ ಲೇನಾ, ಅಂದ್ರು. ಎಲ್ಲರ ಮುಂದೆ. ಮುಂದಿನ ದೀಪಾವಳಿಗೆ ನನ್ನನ್ನ ಕೇಳದೆ ಇನ್ನೊಂದು ಯಂತ್ರ ಆರಿಸ್ಬೇಡಿ ಅಂತ.”

ಚೈತ್ರಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇವರು ಇನ್ನೂ ಗೋಡೆಯನ್ನೇ ನೋಡುತ್ತಿದ್ದರು.

“ಕೆಲಸದಿಂದ ಕಳಿಸಿಬಿಡೋ ಮನುಷ್ಯನಿಗೆ ಯಾರಾದ್ರೂ ಮುಂದಿನ ದೀಪಾವಳಿ ಮಾತು ಹೇಳ್ತಾರೇನ್ರೀ?”

ಬಾಳ ಪರದೆಯ ಮೇಲೆ ಅಕ್ಷರಗಳು ಮೂಡಿದವಲ್ಲ, ಅದೇ ನಿಧಾನದಲ್ಲಿ ಅವರ ಮುಖದ ಮೇಲೆ ಅರ್ಥ ಮೂಡಿತು. ಮೊದಲು ಹುಬ್ಬಿನಲ್ಲಿ, ಆಮೇಲೆ ಕಣ್ಣಿನಲ್ಲಿ, ಕೊನೆಗೆ ಬಾಯಿಯ ಮೂಲೆಯಲ್ಲಿ. ಎದ್ದು ಹೋಗಿ, ಫ್ಯಾನಿನ ಕೆಳಗೆ ಒಣಗುತ್ತಿದ್ದ ಒರಳನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದರು. ಸ್ಟೂಲು ಹತ್ತುತ್ತಾರೆಂದುಕೊಂಡೆ. ಹತ್ತಲಿಲ್ಲ. ಸಾಸಿವೆ ಡಬ್ಬವನ್ನು ಪಕ್ಕಕ್ಕೆ ಸರಿಸಿ, ದಿನವೂ ನನ್ನ ಕೈ ಓಡಾಡುವ ಹಲಗೆಯ ಮೇಲೆ ಅದನ್ನು ಇಟ್ಟರು. ಅಲ್ಲಿ ಅದು ದಿನಾ ಅಡ್ಡ ಬರುತ್ತದೆ. ಸಾಸಿವೆ ತೆಗೆಯುವಾಗ ಒಂದು ಸಲ, ಇಡುವಾಗ ಒಂದು ಸಲ ಮುಟ್ಟಲೇಬೇಕಾಗುತ್ತದೆ. ನಾನು ತಕರಾರು ಮಾಡಲಿಲ್ಲ.

ರಾತ್ರಿಗೆ ಬಿಸಿ ಅನ್ನ, ತೊಗರಿಬೇಳೆ ಸಾರು, ಸವಿತಾಬೆನ್ ಕೊಟ್ಟ ಮಠಿಯಾ. ಕೊನೆಗೆ ಮೊಸರನ್ನದ ಮೇಲೆ ಡಬ್ಬದ ತಳದ ಚಕ್ಕುಲಿ ಪುಡಿ. ಇವರು ಸಾರನ್ನು ಎರಡು ಸಲ ಹಾಕಿಸಿಕೊಂಡರು, ಬಟ್ಟಲನ್ನು ಖಾಲಿಯಾಗುವ ತನಕ ಪಕ್ಕಕ್ಕೆ ಸರಿಸಲಿಲ್ಲ. ಕೈ ತೊಳೆದು ಬಂದು, ಮುಂದಿನ ದೀಪಾವಳಿ ಯಾವಾಗ ಬರುತ್ತದೆ, ಪಂಚಾಂಗ ನೋಡಿ ಹೇಳು ಎಂದು ಕೇಳಿದರು. ನಾನು ಪಂಚಾಂಗ ತರುವಷ್ಟರಲ್ಲಿ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು. ಮುಟ್ಟಿ ಎಬ್ಬಿಸಲಿಲ್ಲ.